ಕೂಸು ಮಲಗಿದ ಮೇಲೆ: ದಾವಣಗೆರೆಯ ಬಾಣಂತಿ ವಾರ್ಡಿನಲ್ಲಿ ಕಿವಿ ತಪಾಸಣೆ

ಬಾಣಂತಿ ವಾರ್ಡಿನಲ್ಲಿ ಬೆಳಗ್ಗೆ ನೆಲ ಒರೆಸಿ, ಡಾಕ್ಟರ ರೌಂಡ್ಸ್ ಮುಗಿದು, ನೋಡಲು ಬರುವ ನೆಂಟರು ಇನ್ನೂ ಒಳಗೆ ಬಾರದ ಒಂದು ಹೊತ್ತಿರುತ್ತದೆ. ಹೆಚ್ಚು ಕಡಿಮೆ ಹನ್ನೊಂದರಿಂದ ಒಂದು ಗಂಟೆ. ಕೂಸುಗಳು ಹಾಲು ಕುಡಿದು ಕಣ್ಣು ಮುಚ್ಚುವುದೂ ಆಗಲೇ. ದಾವಣಗೆರೆಯಲ್ಲಿ ನವಜಾತ ಶಿಶುಗಳ ಕಿವಿ ತಪಾಸಣೆ ಮಾಡುವ ನಾವು ಯಂತ್ರದ ಪೆಟ್ಟಿಗೆ ಹಿಡಿದು ವಾರ್ಡಿಗೆ ಹೋಗುವುದು ಆ ಹೊತ್ತಿಗೆ. ಅಳುವ ಕೂಸಿನ ಮುಂದೆ ಅರ್ಧ ಗಂಟೆ ಕಳೆಯುವುದಕ್ಕಿಂತ ಮಲಗಿದ ಕೂಸಿನ ಪಕ್ಕ ಐದು ನಿಮಿಷ ಕೂರುವುದು ಮೇಲು.

ಪರೀಕ್ಷೆ ಅಂದರೆ ಇಷ್ಟೇ: ಮೆತ್ತನೆಯ ರಬ್ಬರ್ ತುದಿಯ ಪುಟ್ಟ ಪ್ರೋಬನ್ನು ಕಿವಿಯ ಬಾಯಿಗೆ ಇಡುವುದು, ಗುಂಡಿ ಒತ್ತುವುದು, ಪರದೆಯ ಮೇಲೆ 'ಪಾಸ್' ಅಥವಾ 'ರೆಫರ್' (ಅಂದರೆ ಮತ್ತೆ ನೋಡಬೇಕು) ಬರುವವರೆಗೆ ಅಲುಗದೆ ಕಾಯುವುದು. ಸೂಜಿ ಇಲ್ಲ, ಔಷಧಿ ಇಲ್ಲ, ನೋವಿಲ್ಲ. ಎಲ್ಲ ಸರಿಯಿದ್ದರೆ ಒಂದು ಕಿವಿಗೆ ಒಂದು ನಿಮಿಷವೂ ಬೇಡ. ಕಷ್ಟವಿರುವುದು ಸುಳ್ಳು ರೆಫರ್ ತಡೆಯುವುದರಲ್ಲಿ. ಎರಡೂ ಕಿವಿಗೆ ಶಾಶ್ವತ ದೋಷ ಹೊತ್ತು ಹುಟ್ಟುವ ಕೂಸುಗಳು ಸಾವಿರಕ್ಕೆ ಒಂದರಿಂದ ಮೂರು. ನಮ್ಮ ಆತುರದಿಂದಲೋ ವಾರ್ಡಿನ ಗದ್ದಲದಿಂದಲೋ ಸಾವಿರದಲ್ಲಿ ನೂರು ಕೂಸಿಗೆ ರೆಫರ್ ಬಂತು ಅಂದುಕೊಳ್ಳಿ, ತೊಂಬತ್ತೇಳು ಮನೆಗೆ ಸುಮ್ಮನೆ ದಿಗಿಲು ಹುಟ್ಟಿಸಿದ ಹಾಗಾಯಿತು. ಅವರೆಲ್ಲ ಎರಡನೇ ಸಲ ಬಂದು, ಏನೂ ಇಲ್ಲ ಅನ್ನಿಸಿಕೊಂಡು ಹೋಗಿ, ಊರಿನಲ್ಲಿ "ಆ ಮಿಷನ್ ಎಲ್ರಿಗೂ ಹಂಗೇ ತೋರಿಸ್ತೈತಿ, ತಲೆ ಕೆಡಿಸ್ಕೋಬ್ಯಾಡ್ರಿ" ಅನ್ನುತ್ತಾರೆ. ಆ ಮಾತು ನಂಬಿ ಮತ್ತೆ ಬಾರದೆ ಉಳಿಯುವುದು ನಿಜಕ್ಕೂ ಕಿವಿ ಕೇಳದ ಕೂಸು. ಮೊದಲ ಪರೀಕ್ಷೆಯ ಒಂದೊಂದು ಸಣ್ಣ ವಿವರಕ್ಕೂ ನಾವು ಇಷ್ಟು ಜೀವ ತೇಯುವುದು ಅದಕ್ಕಾಗಿ. ಎಲ್ಲ ಸುತ್ತಿನ ಸ್ಕ್ರೀನಿಂಗ್ ಮುಗಿದ ಮೇಲೂ ದೊಡ್ಡ ಪರೀಕ್ಷೆಗೆ ಕಳಿಸಬೇಕಾದವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ ಇರಬೇಕು ಎಂಬುದು ಈ ಕೆಲಸದವರೆಲ್ಲ ಒಪ್ಪಿದ ಅಳತೆ.

ಯಂತ್ರ ನೋಡುವುದು ಏನನ್ನು ಎಂದು ತಿಳಿದರೆ ಎಲ್ಲಿ ಎಡವುತ್ತದೆ ಎನ್ನುವುದೂ ತಿಳಿಯುತ್ತದೆ. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಇದೆ. ಅದರಲ್ಲಿನ ಹೊರಸಾಲಿನ ಕೂದಲುಕೋಶಗಳು ಶಬ್ದ ಬಂದಾಗ ತಾವೂ ಕುಣಿಯುತ್ತವೆ. ಆ ಕುಣಿತದಿಂದ ಹುಟ್ಟುವ ಅತಿ ಸಣ್ಣ ಸದ್ದು ನಡುಗಿವಿ ದಾಟಿ, ಕಿವಿಯ ತಮಟೆ ದಾಟಿ, ಹೊರನಾಳಕ್ಕೆ ವಾಪಸು ಬರುತ್ತದೆ. 1978ರಲ್ಲಿ ಇಂಗ್ಲೆಂಡಿನ ಡೇವಿಡ್ ಕೆಂಪ್ ಇದನ್ನು ಮೊದಲು ವರದಿ ಮಾಡಿದರು. ಇದಕ್ಕೆ ಓಎಇ (ಒಟೋಅಕೌಸ್ಟಿಕ್ ಎಮಿಷನ್) ಎಂದು ಹೆಸರು, ಅದನ್ನು ಹಿಡಿಯುವ ಈ ಪರೀಕ್ಷೆಗೂ ಅದೇ ಹೆಸರು, ವಾರ್ಡಿನ ಸಿಸ್ಟರ್‌ಗಳೂ ಹಾಗೆಯೇ ಕರೆಯುತ್ತಾರೆ. ಡಿಪಿ ಬಗೆಯ ಯಂತ್ರವಾದರೆ ಪ್ರೋಬಿನಿಂದ ಒಟ್ಟಿಗೆ ಎರಡು ಸ್ವರ ಹೊರಡುತ್ತವೆ, ಸಾಮಾನ್ಯವಾಗಿ ಒಂದು 65 ಡೆಸಿಬೆಲ್, ಇನ್ನೊಂದು 55. ಒಳಗಿವಿ ಅವೆರಡನ್ನೂ ಬೆರೆಸಿ ಮೂರನೆಯ ಸ್ವರವೊಂದನ್ನು ತಾನಾಗಿ ಹುಟ್ಟಿಸುತ್ತದೆ. 2000ದಿಂದ 5000 ಹರ್ಟ್ಸ್‌ವರೆಗೆ ನಾಲ್ಕು ಕಡೆ ನೋಡಿ, ಮೂರು ಕಡೆಯಾದರೂ ಆ ಸ್ವರ ಸುತ್ತಲಿನ ಗದ್ದಲಕ್ಕಿಂತ 6 ಡೆಸಿಬೆಲ್ ಮೇಲಿದ್ದರೆ ಪಾಸ್ ಎಂಬ ಲೆಕ್ಕವನ್ನು ಹಲವು ಯಂತ್ರಗಳಲ್ಲಿ ಇಟ್ಟಿರುತ್ತಾರೆ. ಇನ್ನೂ ಕೆಳಗಿನ ಹರ್ಟ್ಸ್‌ಗೆ ಹೋಗುವುದಿಲ್ಲ, ಕೂಸಿನ ಉಸಿರಾಟದ ಸದ್ದೇ ಅಲ್ಲೆಲ್ಲ ತುಂಬಿರುತ್ತದೆ.

ಅಂದರೆ ಸದ್ದು ಒಳಗೆ ಹೋಗಲು ದಾರಿ ಬೇಕು, ಮರಳಿ ಬರಲೂ ದಾರಿ ಬೇಕು. ಹುಟ್ಟಿದ ಮೊದಲ ದಿನ ಎರಡೂ ದಾರಿ ಕಟ್ಟಿರುವುದುಂಟು. ಕಿವಿಯ ನಾಳದಲ್ಲಿ ಆಗ ತಾನೇ ಹುಟ್ಟಿದ ಕೂಸಿನ ಮೈಮೇಲೆ ಇರುವಂಥದೇ ಬಿಳಿ ಮೇಣ, ನಡುಗಿವಿಯಲ್ಲಿ ಗರ್ಭದ ನೀರು. 24 ಗಂಟೆಯೊಳಗೆ ಮಾಡಿದರೆ ರೆಫರ್ ಹೆಚ್ಚು, 48 ಗಂಟೆ ದಾಟಿದರೆ ಎದ್ದು ಕಾಣುವಷ್ಟು ಕಡಿಮೆ. ಸಿಸೇರಿಯನ್ ಆದ ತಾಯಂದಿರು ಹೇಗೂ ಕೆಲವು ದಿನ ವಾರ್ಡಿನಲ್ಲಿರುತ್ತಾರೆ, ಅವರ ಕೂಸುಗಳಿಗೆ ಅವಸರ ಬೇಡ. ಸಹಜ ಹೆರಿಗೆಯವರದೇ ಇಕ್ಕಟ್ಟು. ಎರಡನೇ ದಿನ ಮುಗಿಯುತ್ತಿದ್ದಂತೆ ಡಿಸ್ಚಾರ್ಜ್ ಚೀಟಿ ಕೈಗೆ ಬರುತ್ತದೆ, ಕೆಳಗೆ ಬಾಣಂತಿಯನ್ನು ಮನೆಗೆ ಬಿಡುವ ನಗು-ಮಗು ವಾಹನ ನಿಂತಿರುತ್ತದೆ, ಮಾವ ಬುಟ್ಟಿ ಚಾಪೆ ಎತ್ತಿಕೊಂಡಾಗಿರುತ್ತದೆ. ಆದ್ದರಿಂದ ಹಿಂದಿನ ಸಂಜೆಯೇ ಸಿಸ್ಟರ್ ಹತ್ತಿರ ಮರುದಿನದ ಡಿಸ್ಚಾರ್ಜ್ ಪಟ್ಟಿ ಕೇಳಿ, ಬೆಳಗ್ಗೆ ಆ ಕೂಸುಗಳಿಂದಲೇ ಶುರು ಮಾಡುತ್ತೇವೆ. ಭಾನುವಾರ ಮತ್ತು ಹಬ್ಬದ ರಜೆಯಲ್ಲಿ ಹೋಗಿಬಿಡುವ ಕೂಸುಗಳಿಗೆ ಬೇರೆ ಪಟ್ಟಿಯೇ ಬೇಕು. ತಪಾಸಣೆಯೇ ಆಗದೆ ತಪ್ಪಿಹೋದ ಕೂಸು ರೆಫರ್ ಆದ ಕೂಸಿನಷ್ಟೇ ಮುಖ್ಯ.

ಕೂಸನ್ನು ಅಣಿ ಮಾಡುವ ಕೆಲಸ ಅಜ್ಜಿಯದು. "ಅಮ್ಮಾ, ಹೊಟ್ಟೆ ತುಂಬಾ ಹಾಲು ಕುಡಿಸ್ರಿ, ತೇಗು ಬರೋ ತನಕ ಬೆನ್ನು ತಟ್ರಿ, ಆಮೇಲೆ ಕೈ ಒಳಗೆ ಮಾಡಿ ಬಟ್ಟೆ ಸುತ್ರಿ" ಎಂದರೆ ಸಾಕು, ನಮಗಿಂತ ಚೆನ್ನಾಗಿ ಸುತ್ತಿ ಮಲಗಿಸುತ್ತಾರೆ. ಕೈ ಹೊರಗಿದ್ದರೆ ಪ್ರೋಬ್ ಕೀಳುವುದು ಖಂಡಿತ. ಬಾಯಲ್ಲಿ ಚೀಪುತ್ತಿರುವ ಕೂಸು ಮಲಗಿದಂತೆ ಕಂಡರೂ ದವಡೆಯ ಸದ್ದು ನೇರ ಕಿವಿನಾಳಕ್ಕೆ ಬರುತ್ತದೆ. ಬಿಕ್ಕಳಿಕೆ ಇದ್ದರೆ ಕಾಯುವುದೊಂದೇ ದಾರಿ.

ಮೊದಲು ಮೇಲ್ಮುಖವಾಗಿರುವ ಕಿವಿ. ಕೆಳಗೆ ಒತ್ತಿ ಮಲಗಿದ್ದ ಕಿವಿಯ ನಾಳ ಚಪ್ಪಟೆಯಾಗಿರುತ್ತದೆ, ಮಗ್ಗುಲು ಬದಲಿಸಿದ ಕೂಡಲೇ ಪ್ರೋಬ್ ತುರುಕಬಾರದು. ಕಿವಿಯ ಬಾಯಿಯ ಮುಂದಿನ ಸಣ್ಣ ಗಂಟನ್ನು ಬೆರಳ ತುದಿಯಿಂದ ನಾಲ್ಕಾರು ಸಲ ಮೆಲ್ಲಗೆ ಆಡಿಸಿ, ಒಂದೆರಡು ನಿಮಿಷ ಬಿಟ್ಟರೆ ನಾಳ ತೆರೆದುಕೊಳ್ಳುತ್ತದೆ. ದೊಡ್ಡವರ ಕಿವಿ ನೋಡುವಾಗ ಮೇಲಕ್ಕೆಳೆಯುತ್ತೇವೆ. ಎಳೆಗೂಸಿನದನ್ನು ಕೆಳಕ್ಕೆ, ಹಿಂದಕ್ಕೆ ಎಳೆಯಬೇಕು. ಹೊಸದಾಗಿ ಕಲಿಯುವವರು ತಪ್ಪುವುದು ಇಲ್ಲಿಯೇ. ತುದಿಯ ಅಳತೆ ನಾಳಕ್ಕೆ ಸ್ವಲ್ಪ ಬಿಗಿಯಾಗಿಯೇ ಇರಲಿ. ಸಣ್ಣದು ಹಾಕಿದರೆ ಸುಲಭವಾಗಿ ಒಳಗೆ ಹೋಗುತ್ತದೆ, ಆದರೆ ಪಕ್ಕದ ಸಂದಿಯಿಂದ ಸದ್ದು ಸೋರುತ್ತದೆ, ಹೊರಗಿನ ಗದ್ದಲ ಒಳಗೆ ಹೊಕ್ಕುತ್ತದೆ. ಒಂದೇ ಕೂಸಿನ ಎರಡು ಕಿವಿಗೆ ಎರಡು ಅಳತೆ ಬೇಕಾಗುವುದೂ ಇದೆ. ಪ್ರೋಬ್ ಕೂತ ಮೇಲೆ ಕೈ ಬಿಟ್ಟರೂ ನಿಲ್ಲಬೇಕು, ಅದೇ ಸರಿಯಾಗಿ ಕೂತ ಗುರುತು. ತಂತಿಯನ್ನು ಹೊದಿಕೆಗೆ ಕ್ಲಿಪ್ ಮಾಡಿ. ಕೂಸಿನ ಎದೆಯ ಮೇಲೆ ಹಾದುಹೋದರೆ ಪ್ರತಿ ಉಸಿರಿಗೂ ಪ್ರೋಬ್ ಎಳೆದಂತಾಗುತ್ತದೆ.

ಗದ್ದಲದ ವಿಷಯಕ್ಕೆ ಬಂದರೆ, ಸುತ್ತಲಿನ ಸದ್ದು 40–45 ಡೆಸಿಬೆಲ್ ಒಳಗಿದ್ದರೆ ಕೆಲಸ ಸಲೀಸು. ವಾರ್ಡಿನಲ್ಲಿ ಅದು ಸಿಗುವುದು ಅಪರೂಪ. ಏಪ್ರಿಲ್‌ನ ದಾವಣಗೆರೆಯಲ್ಲಿ ಫ್ಯಾನ್ ಆರಿಸಿ ಎಂದು ಹಸಿ ಬಾಣಂತಿಗೆ ಹೇಳುವುದಾದರೂ ಹೇಗೆ? ವಾರ್ಡಿನ ಮೂಲೆಯ ಸ್ಟೋರ್ ರೂಮೋ ಲಿನನ್ ಕೋಣೆಯೋ ಸಿಕ್ಕರೆ ಅದೇ ನಮಗೆ ಸೌಂಡ್‌ಪ್ರೂಫ್ ಕೋಣೆ. ಬಟ್ಟೆಯ ಗಂಟುಗಳು ಸದ್ದನ್ನು ಹೀರುತ್ತವೆ. ಕೋಣೆಯೇ ಇಲ್ಲದಿದ್ದರೆ ಬಾಗಿಲಿನಿಂದ, ಕೂಲರ್‌ನಿಂದ, ನೀರಿನ ನಲ್ಲಿಯಿಂದ ಅತಿ ದೂರದ ಮಂಚ ಹುಡುಕಿ, ಪಕ್ಕದವರ ಮೊಬೈಲ್ ಎರಡು ನಿಮಿಷ ನಿಲ್ಲಿಸಲು ಕೇಳಿ, ಶುರು ಮಾಡುತ್ತೇವೆ. ಕಾರಣ ಹೇಳಿ ಕೇಳಿದರೆ ಇಡೀ ವಾರ್ಡು ಸುಮ್ಮನಾಗುತ್ತದೆ.

ಯಂತ್ರದ ಕಡೆಯ ತಪ್ಪುಗಳೂ ಇವೆ. ಪ್ರೋಬಿನ ಕೊಳವೆ ಕೂದಲೆಳೆಯಷ್ಟು ಸಣ್ಣದು. ಅದರಲ್ಲಿ ಒಂದು ಚೂರು ಮೇಣ ಸಿಕ್ಕಿಕೊಂಡರೆ ಮುಂದಿನ ಕೂಸುಗಳಿಗೆಲ್ಲ ರೆಫರ್. ಸಾಲಾಗಿ ಮೂರು ನಾಲ್ಕು ಕೂಸು ರೆಫರ್ ಆದರೆ ಕೂಸುಗಳನ್ನು ಬಿಟ್ಟು ಪ್ರೋಬನ್ನು ಅನುಮಾನಿಸಿ, ಕೊಳವೆ ತೆಗೆದು ಬೆಳಕಿಗೆ ಹಿಡಿದು ನೋಡಿ, ಶುಚಿ ಮಾಡಿ ಅಥವಾ ಬದಲಿಸಿ. ದಿನ ಬೆಳಗ್ಗೆ ಎರಡು ಪರೀಕ್ಷೆ ಕಡ್ಡಾಯ. ಚೆನ್ನಾಗಿ ಕೇಳುವ ನಮ್ಮವರೊಬ್ಬರ ಕಿವಿಗೆ ಇಟ್ಟರೆ ಪಾಸ್ ಬರಬೇಕು. ಯಂತ್ರದ ಜೊತೆ ಬರುವ ಪ್ಲಾಸ್ಟಿಕ್ ಕುಳಿಗೆ ಇಟ್ಟರೆ ಪಾಸ್ ಬರಲೇಬಾರದು. ಪ್ಲಾಸ್ಟಿಕ್ಕಿಗೂ ಕಿವಿ ಕೇಳುತ್ತದೆ ಎನ್ನುವ ಯಂತ್ರವನ್ನು ಆ ದಿನ ವಾರ್ಡಿಗೆ ಒಯ್ಯುವಂತಿಲ್ಲ. ಎರಡನೆಯ ಪರೀಕ್ಷೆಯನ್ನು ಬಿಟ್ಟುಬಿಡುವವರು ಬಹಳ. ಸುಳ್ಳು ಪಾಸ್ ಸುಳ್ಳು ರೆಫರ್‌ಗಿಂತ ಕೆಟ್ಟದ್ದು, ಏಕೆಂದರೆ ಅದನ್ನು ಮತ್ತೆ ಯಾರೂ ಪ್ರಶ್ನಿಸುವುದಿಲ್ಲ. ಒಂದೇ ಹೊತ್ತಿನಲ್ಲಿ ಒಂದು ಕಿವಿಗೆ ಎರಡು ಮೂರು ಪ್ರಯತ್ನಕ್ಕಿಂತ ಹೆಚ್ಚು ಬೇಡ ಎನ್ನುವುದೂ ಇದೇ ಕಾರಣಕ್ಕೆ. ಪಾಸ್ ಬರುವ ತನಕ ಹತ್ತು ಸಲ ಒತ್ತಿದರೆ ಎಂದೋ ಒಮ್ಮೆ ಆಕಸ್ಮಿಕವಾಗಿ ಬಂದೇ ಬರುತ್ತದೆ.

ರೆಫರ್ ಬಂದಾಗ ಆಡುವ ಮಾತು ಯಂತ್ರದಷ್ಟೇ ಮುಖ್ಯ. 'ಫೇಲ್' ಅನ್ನುವುದಿಲ್ಲ. 'ಕಿವುಡು' ಎಂಬ ಮಾತನ್ನಂತೂ ಆ ಹಂತದಲ್ಲಿ ಎತ್ತುವ ಹಕ್ಕೇ ನಮಗಿಲ್ಲ. ಆದರೆ ಇನ್ನೊಂದು ತಪ್ಪು ಇದಕ್ಕಿಂತ ಹೆಚ್ಚು ಹಾನಿ ಮಾಡುತ್ತದೆ. ತಾಯಿಯ ಮುಖ ಸಪ್ಪೆಯಾದದ್ದು ನೋಡಲಾರದೆ "ಏನಿಲ್ಲವ್ವಾ, ನೀರಿರಬೇಕು, ತಾನಾಗೇ ಸರಿ ಹೋಗ್ತೈತಿ" ಅಂದುಬಿಡುವುದು. ಸರಿ ಹೋಗುವುದಾದರೆ ಮತ್ತೆ ಯಾಕೆ ಬರಬೇಕು? ನಾವು ಹೇಳುವುದು ಹೀಗೆ: "ಇವತ್ತು ಎಡಗಿವಿಯಿಂದ ಉತ್ತರ ಬರಲಿಲ್ಲ. ಒಳಗೆ ನೀರಿದ್ರೂ ಹಿಂಗಾಗ್ತೈತಿ, ಕಿವಿಯಲ್ಲೇ ತೊಂದರೆ ಇದ್ರೂ ಹಿಂಗಾಗ್ತೈತಿ. ಯಾವುದು ಅಂತ ಇನ್ನೊಂದ್ಸಲ ನೋಡಿದ್ರೆ ಮಾತ್ರ ಗೊತ್ತಾಗೋದು." ಎರಡೂ ಸಾಧ್ಯತೆ ಬಾಯಿಬಿಟ್ಟು ಹೇಳಿದರೆ ಮನೆಯವರು ಹೆಚ್ಚಾಗಿ ಬರುತ್ತಾರೆ. ಒಂದು ಕಿವಿ ಮಾತ್ರ ರೆಫರ್ ಆಗಿದ್ದರೂ ಮುಂದಿನ ಸಲ ಎರಡೂ ಕಿವಿ ನೋಡಬೇಕು.

ಮತ್ತೆ ಬಾರದಿರುವುದಕ್ಕೆ ಅಸಡ್ಡೆ ಕಾರಣ ಎಂದುಕೊಳ್ಳುವುದು ತಪ್ಪು. ಫೈಲಿನಲ್ಲಿರುವುದು ಗಂಡನ ಫೋನ್ ನಂಬರು, ಗಂಡನ ಊರಿನ ವಿಳಾಸ. ಕೂಸು ಇರುವುದು ತಾಯಿಯ ತವರಿನಲ್ಲಿ. ಗಂಡ ಜಗಳೂರಿನವನಾದರೆ ತವರು ಹೊಳಲ್ಕೆರೆಯೋ ಚನ್ನಗಿರಿಯೋ ಆಗಿರಬಹುದು. ಜೊತೆಗೆ ಬಾಣಂತಿಯನ್ನು ಗಾಳಿಗೆ ಹೊರಡಿಸಬಾರದೆಂಬ ಹಿರಿಯರ ಕಟ್ಟಳೆ. ಅದರ ಜೊತೆ ವಾದ ಮಾಡಿ ಗೆದ್ದವರಿಲ್ಲ. ಹಾಗಾಗಿ ತವರಿನ ಒಂದು ನಂಬರು, ಅಜ್ಜಿಯದೋ ಸೋದರಮಾವನದೋ ಒಂದು, ಆ ಊರಿನ ಆಶಾ ಕಾರ್ಯಕರ್ತೆಯದು ಒಂದು, ಹೀಗೆ ಮೂರು ನಂಬರ್ ಬರೆದುಕೊಳ್ಳುತ್ತೇವೆ. ಆಶಾ ಹೇಗೂ 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗುತ್ತಾರೆ. ಮರು ತಪಾಸಣೆ ತಿಂಗಳೊಳಗೆ ಆದರೆ ಒಳ್ಳೆಯದು. ಆಗದಿದ್ದರೆ ಒಂದೂವರೆ ತಿಂಗಳ ಚುಚ್ಚುಮದ್ದಿನ ದಿನವೇ ಕೊನೆಯ ಗಡುವು, ಅದಕ್ಕೆ ಮಾತ್ರ ಯಾವ ಅಜ್ಜಿಯೂ ಬೇಡವೆನ್ನುವುದಿಲ್ಲ. ತಾಯಿ ಕಾರ್ಡಿನ ಮೇಲೆ ದಿನಾಂಕವನ್ನು ಕನ್ನಡದಲ್ಲಿ, ದೊಡ್ಡದಾಗಿ ಬರೆಯುತ್ತೇವೆ. ಬರುವ ತನಕ ಕಿವಿಗೆ ಎಣ್ಣೆ, ಬೆಳ್ಳುಳ್ಳಿ ಕಾಸಿದ ಎಣ್ಣೆ, ಎದೆಹಾಲು ಏನನ್ನೂ ಬಿಡಬೇಡಿ ಎಂದೂ ಹೇಳಿ ಕಳಿಸುತ್ತೇವೆ. ಎರೆಯುವಾಗ ತಲೆಗೆ ಎಣ್ಣೆ ಹಚ್ಚಲಿ, ಅಡ್ಡಿಯಿಲ್ಲ. ನಾಳದಲ್ಲಿ ನಿಂತ ಎಣ್ಣೆ ಇನ್ನೊಂದು ಸುಳ್ಳು ರೆಫರ್ ತರುತ್ತದೆ.

ಎನ್‌ಐಸಿಯುದಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಇದ್ದು ಬಂದ ಕೂಸುಗಳ ದಾರಿಯೇ ಬೇರೆ. ಓಎಇ ನೋಡುವುದು ಕೂದಲುಕೋಶಗಳವರೆಗೆ ಮಾತ್ರ. ಅಲ್ಲಿಂದ ಮುಂದೆ ನರ ಸದ್ದನ್ನು ಮೆದುಳಿಗೆ ಒಯ್ಯುತ್ತದೋ ಇಲ್ಲವೋ ಅದಕ್ಕೆ ತಿಳಿಯದು. ಕಾಮಾಲೆ ವಿಪರೀತ ಏರಿ ರಕ್ತ ಬದಲಿಸಬೇಕಾಗಿ ಬಂದ ಕೂಸು, ಹುಟ್ಟಿದ ಕೂಡಲೇ ಅಳದೆ ಆಮ್ಲಜನಕ ಸಾಲದೆ ಹೋದ ಕೂಸು, ತಿಂಗಳು ತುಂಬದ ಕೂಸು ಇವುಗಳಲ್ಲಿ ಕೋಶ ಚೆನ್ನಾಗಿದ್ದು ನರದ ಓಟ ಕೆಟ್ಟಿರುವುದುಂಟು. ಓಎಇಯಲ್ಲಿ ಸಲೀಸಾಗಿ ಪಾಸಾಗುತ್ತವೆ, ಮಾತು ಮಾತ್ರ ಬರುವುದಿಲ್ಲ. ಐದು ದಿನಕ್ಕಿಂತ ಹೆಚ್ಚು ಎನ್‌ಐಸಿಯುದಲ್ಲಿದ್ದ ಪ್ರತಿ ಕೂಸಿಗೂ ನರದ ಉತ್ತರ ನೋಡುವ ಎಎಬಿಆರ್ ಪರೀಕ್ಷೆಯೇ ಆಗಬೇಕು. ವೆಂಟಿಲೇಟರ್, ಐದು ದಿನ ಮೀರಿದ ಜೆಂಟಾಮೈಸಿನ್ ಅಥವಾ ಅಮಿಕಾಸಿನ್ ಎಂಬ ಆಂಟಿಬಯೋಟಿಕ್, ಮೆದುಳು ಜ್ವರ ಇವು ಅಪಾಯದ ಪಟ್ಟಿಯಲ್ಲಿವೆ.

ಎಎಬಿಆರ್‌ನಲ್ಲಿ ಹಣೆ, ಕುತ್ತಿಗೆಯ ಹಿಂಭಾಗ, ಭುಜ ಅಥವಾ ಕಿವಿಯ ಹಿಂದಿನ ಮೂಳೆ ಹೀಗೆ ಯಂತ್ರ ಹೇಳಿದ ಕಡೆ ಎಲೆಕ್ಟ್ರೋಡ್ ಅಂಟಿಸಿ, 35 ಡೆಸಿಬೆಲ್‌ನ ಮೆಲುವಾದ ಟಿಕ್ ಟಿಕ್ ಸದ್ದನ್ನು ಸಾವಿರಾರು ಸಲ ಕೇಳಿಸಿ, ಮೆದುಳಕಾಂಡದಿಂದ ಬರುವ ಅಲೆಯನ್ನು ಯಂತ್ರವೇ ಕೂಡಿಸಿ ನೋಡುತ್ತದೆ. ಮುಕ್ಕಾಲು ಪಾಲು ಕೆಲಸ ಚರ್ಮದ ತಯಾರಿ. ಎಣ್ಣೆ ಹಚ್ಚಿ ನೀವಿದ ಮೈಗೆ ಎಲೆಕ್ಟ್ರೋಡ್ ಹಿಡಿಯುವುದಿಲ್ಲ, ಹಿಡಿದರೂ ವಿದ್ಯುತ್ತಿಗೆ ಚರ್ಮ ಒಡ್ಡುವ ತಡೆ ಏರುತ್ತದೆ. ಜೆಲ್ ಹಚ್ಚಿ ಹಗುರವಾಗಿ ಉಜ್ಜಿ, ತಡೆಯನ್ನು 5 ಕಿಲೋಓಮ್ ಆಸುಪಾಸಿಗೆ ಇಳಿಸಿದ ಮೇಲೆಯೇ ಮುಂದಿನದು. ಮಂಚದ ಪಕ್ಕದ ಮೊಬೈಲ್ ಚಾರ್ಜರ್, ವಾರ್ಮರ್, ಕಾಮಾಲೆಯ ನೀಲಿ ಲೈಟು ಇವೆಲ್ಲ ತಂತಿಯೊಳಗೆ ಗುಂಯ್‌ಗುಡುವಿಕೆ ತುಂಬುತ್ತವೆ. ಡಾಕ್ಟರನ್ನು ಕೇಳಿ ಆರಿಸಬಹುದಾದದ್ದನ್ನು ಆರಿಸಿ, ಉಳಿದದ್ದರಿಂದ ದೂರ ಸರಿಯಬೇಕು. ಮಾಡುವ ಹೊತ್ತು ಮನೆಗೆ ಹೋಗುವ ಮುಂಚಿನ ದಿನಗಳು: ಗರ್ಭದ ಲೆಕ್ಕದಲ್ಲಿ 34 ವಾರ ದಾಟಿರಬೇಕು, ಆಂಟಿಬಯೋಟಿಕ್ ಮುಗಿದಿರಬೇಕು. ಇಲ್ಲಿ ರೆಫರ್ ಆದ ಕೂಸನ್ನು ಆಮೇಲೆ ಓಎಇಯಲ್ಲಿ ಪಾಸ್ ಮಾಡಿಸಿ ಕಳಿಸುವುದು ದೊಡ್ಡ ತಪ್ಪು. ನರದ ದೋಷ ಕೈತಪ್ಪುವುದು ಹಾಗೆಯೇ.

ಇನ್ನೊಂದು ಗಡುವು ಬಹಳ ಮಂದಿಗೆ ಗೊತ್ತಿಲ್ಲ. ಗರ್ಭದಲ್ಲೇ ತಗಲುವ ಸೈಟೋಮೆಗಲೋ ವೈರಸ್ ಶ್ರವಣ ದೋಷದ ದೊಡ್ಡ ಕಾರಣಗಳಲ್ಲೊಂದು. ಅದು ಹುಟ್ಟುವ ಮೊದಲೇ ತಗುಲಿದ್ದು ಎಂದು ಖಚಿತಪಡಿಸಲು ಮೂತ್ರ ಅಥವಾ ಜೊಲ್ಲಿನ ಪರೀಕ್ಷೆ 21 ದಿನದೊಳಗೆ ಆಗಬೇಕು, ದಾಟಿದರೆ ಹುಟ್ಟಿದ ಮೇಲೆ ತಗುಲಿದ್ದೋ ಮೊದಲೇ ಇತ್ತೋ ಹೇಳಲಾಗದು. ರೆಫರ್ ಆದ ಕೂಸಿನ ವಿಷಯವನ್ನು ಮಕ್ಕಳ ಡಾಕ್ಟರಿಗೆ ಆ ದಿನವೇ ತಿಳಿಸಲು ಇದೂ ಒಂದು ಕಾರಣ.

ಎರಡನೇ ಸಲವೂ ರೆಫರ್ ಆದರೆ ಬೆರಾ ಪರೀಕ್ಷೆ, ಅಂದರೆ ಸದ್ದಿಗೆ ನರ ಮತ್ತು ಮೆದುಳಕಾಂಡ ಕೊಡುವ ಉತ್ತರವನ್ನು ವಿವರವಾಗಿ ಅಳೆಯುವ ದೊಡ್ಡ ಪರೀಕ್ಷೆ. ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ಉತ್ತರ, ಆರು ತಿಂಗಳೊಳಗೆ ಚಿಕಿತ್ಸೆ ಶುರು ಎಂಬ 1-3-6 ಲೆಕ್ಕ ಈ ಕೆಲಸದ ಬೆನ್ನೆಲುಬು. ಮೂರು ತಿಂಗಳೊಳಗಿನ ಕೂಸು ತಾನಾಗಿ ನಿದ್ದೆ ಮಾಡುತ್ತದೆ, ದೊಡ್ಡದಾದಂತೆ ಡಾಕ್ಟರ ಎದುರಿನಲ್ಲಿ ನಿದ್ದೆಯ ಸಿರಪ್ ಕೊಡಬೇಕಾಗುತ್ತದೆ. ಹಳ್ಳಿಯಿಂದ ಬರುವವರ ತೊಡಕು ಬಸ್ಸಿನದು. ಕೂಸು ದಾರಿಯುದ್ದಕ್ಕೂ ಗಾಢವಾಗಿ ಮಲಗಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ಕಣ್ಣು ಬಿಡುತ್ತದೆ. ಹಾಗಾಗಿ ಫೋನಿನಲ್ಲೇ ಹೇಳುತ್ತೇವೆ: "ಬಸ್ಸಿನ್ಯಾಗೆ ಮಾತಾಡಿಸ್ತಾ ಆಡಿಸ್ತಾ ಬರ್ರಿ, ಮಲಗಿಸಬ್ಯಾಡ್ರಿ. ಇಲ್ಲಿಗೆ ಬಂದ ಮ್ಯಾಲೆ ಹಾಲು ಕುಡಿಸ್ರಿ." ಬೆರಾದಲ್ಲಿ ಬರೀ ಟಿಕ್ ಸದ್ದಿಗೆ ನಿಲ್ಲಿಸಬಾರದು. 500ರಿಂದ 4000 ಹರ್ಟ್ಸ್‌ವರೆಗೆ ಒಂದೊಂದು ಸ್ವರಕ್ಕೂ, ಮೂಳೆಯ ಮೂಲಕವೂ ನೋಡಿದರೆ ಮಾತ್ರ ದೋಷ ಎಷ್ಟು, ಎಲ್ಲಿ ಎಂಬುದು ಸಿಗುತ್ತದೆ. ನಡುಗಿವಿಯಲ್ಲಿ ನೀರಿದೆಯೋ ಎಂದು ನೋಡುವ ಟಿಂಪನೋಮೆಟ್ರಿ 1000 ಹರ್ಟ್ಸ್‌ನಲ್ಲೇ ಆಗಬೇಕು. ದೊಡ್ಡವರಿಗೆ ಬಳಸುವ 226 ಹರ್ಟ್ಸ್‌ನಲ್ಲಿ, ಕೂಸಿನ ಕಿವಿನಾಳ ಮೆತ್ತಗಿರುವುದರಿಂದ, ನೀರಿದ್ದರೂ ಸರಿಯಿದೆ ಎಂದೇ ಬರಬಹುದು.

ಈ ನಡುವೆ ಮನೆಯಲ್ಲಿ ತಟ್ಟೆ ಬಡಿದು, ಚಪ್ಪಾಳೆ ತಟ್ಟಿ ನೋಡಿರುತ್ತಾರೆ. "ನಮ್ಮ ಕೂಸು ತಿರುಗಿ ನೋಡ್ತೈತಿ, ಅಳೋಕೆ ನಗೋಕೆ ಏನೂ ಕಮ್ಮಿ ಇಲ್ಲ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಚಪ್ಪಾಳೆಯ ಗಾಳಿ ಕೆನ್ನೆಗೆ ತಾಕುತ್ತದೆ, ಬಿದ್ದ ತಟ್ಟೆ ನೆಲವನ್ನು ನಡುಗಿಸುತ್ತದೆ, ನೆರಳು ಕಣ್ಣಿಗೆ ಬೀಳುತ್ತದೆ. ಕಿವಿ ಕೇಳದ ಕೂಸೂ ಮೊದಲ ತಿಂಗಳುಗಳಲ್ಲಿ 'ಆಗೂ' 'ಊಂ' ಎನ್ನುತ್ತದೆ. ತನ್ನ ದನಿ ತನಗೆ ಕೇಳದೆ ಆ ಸದ್ದುಗಳು ಬೆಳೆಯದೆ ನಿಲ್ಲುವುದು ಆರೇಳು ತಿಂಗಳ ಸುಮಾರಿಗೆ. "ಅಪ್ಪನೂ ತಡವಾಗಿ ಮಾತಾಡಿದ್ದ" ಎಂಬ ಸಮಾಧಾನದಲ್ಲಿ ಎರಡು ಮೂರು ವರ್ಷ ಕಳೆದು ಬಂದ ಮಕ್ಕಳಿಗೆ ಮಾತು ಕಲಿಸುವ ಶ್ರಮ ಎಷ್ಟೋ ಪಟ್ಟು ಹೆಚ್ಚು. ಇನ್ನೊಂದು ಪ್ರಶ್ನೆ ನಮ್ಮ ಕಡೆ ಸದಾ ಬರುತ್ತದೆ: "ನಮ್ಮ ಎರಡೂ ಕಡೆ ಯಾರಿಗೂ ಕಿವಿ ತೊಂದರೆ ಇಲ್ಲವಲ್ಲ?" ಅಕ್ಕನ ಮಗಳನ್ನೋ ಸೋದರತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಚೆನ್ನಾಗಿ ಕೇಳುವ ತಂದೆ ತಾಯಿ ಇಬ್ಬರೂ ಒಂದೇ ಬಗೆಯ ದೋಷದ ಜೀನನ್ನು ಒಳಗೊಳಗೇ ಹೊತ್ತಿರುವ ಸಾಧ್ಯತೆ ಹೆಚ್ಚು. ಹಾಗೆ ಹೊತ್ತಿದ್ದರೆ ಪ್ರತಿ ಹೆರಿಗೆಯಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದನ್ನು ತಾಯಿಯ ತಪ್ಪೆಂದು ಯಾರೂ ಬೆರಳು ತೋರದಂತೆ, ಗಂಡನನ್ನೂ ಅತ್ತೆಯನ್ನೂ ಕೂರಿಸಿಕೊಂಡು ಹೇಳಬೇಕು.

ದೋಷ ಖಚಿತವಾದರೆ ಶ್ರವಣ ಸಾಧನ ಆ ತಿಂಗಳೇ. ಎಳೆಗೂಸಿಗೂ ಹಾಕಬಹುದು, ಹಾಕಲೇಬೇಕು. ಕಿವಿ ಬೆಳೆಯುತ್ತಲೇ ಇರುವುದರಿಂದ ಅಚ್ಚನ್ನು ಮೊದಲ ವರ್ಷ ಪದೇ ಪದೇ ಹೊಸದಾಗಿ ಮಾಡಿಸಬೇಕಾಗುತ್ತದೆ. ಸಾಧನ ಕುಂಯ್‌ಗುಡಲು ಶುರುವಾದರೆ ಅಚ್ಚು ಸಡಿಲವಾಗಿದೆ ಎಂದರ್ಥ, ಕೆಟ್ಟಿದೆ ಎಂದು ಪೆಟ್ಟಿಗೆಯಲ್ಲಿ ಎತ್ತಿಡಬೇಡಿ. ಸಾಧನ ಸಾಲದಷ್ಟು ತೀವ್ರ ದೋಷವಾದರೆ ಆಪರೇಷನ್ ಮಾಡಿ ಒಳಗಿವಿಗೆ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್. ಅರ್ಹ ಕುಟುಂಬಗಳಿಗೆ ರಾಜ್ಯದ ಶ್ರವಣ ಸಂಜೀವಿನಿ, ಕೇಂದ್ರದ ಅಡಿಪ್ ಯೋಜನೆಗಳಿವೆ. ಕಾಗದಪತ್ರಕ್ಕೆ ತಿಂಗಳುಗಳು ಹಿಡಿಯುವುದರಿಂದ ಅರ್ಜಿ ಬೇಗ ಹಾಕಿಸುತ್ತೇವೆ. ಜಿಲ್ಲಾ ಮಟ್ಟದಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಿಇಐಸಿ (ಮಕ್ಕಳ ದೋಷಗಳನ್ನು ಬೇಗ ಗುರುತಿಸಿ ನೆರವಾಗುವ) ಕೇಂದ್ರದಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಹೆಚ್ಚಿನ ಪರೀಕ್ಷೆಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1960ರ ದಶಕದಿಂದ ನಡೆದುಬಂದಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಪಾಸ್ ಆದ ಕೂಸುಗಳಲ್ಲೂ ಕೆಲವಕ್ಕೆ ನಾವು ಕಾರ್ಡಿನ ಮೇಲೆ ಇನ್ನೊಂದು ದಿನಾಂಕ ಬರೆಯುತ್ತೇವೆ. ಎನ್‌ಐಸಿಯುದಲ್ಲಿ ಇದ್ದವು, ಮನೆತನದಲ್ಲಿ ಬಾಲ್ಯದ ಶ್ರವಣ ದೋಷ ಇರುವವು, ಸೈಟೋಮೆಗಲೋ ವೈರಸ್ ತಗುಲಿದವು ಇವುಗಳಿಗೆ ದೋಷ ತಡವಾಗಿ ಕಾಣಿಸಿಕೊಳ್ಳಬಹುದು. ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆಗೆ ಹೇಗೂ ಬರುತ್ತಾರೆ. ಅದೇ ದಿನ ಕಿವಿಗೂ ಬನ್ನಿ ಎಂದು ಬರೆದು, ಆ ಊರಿನ ಆಶಾ ಅವರ ಡೈರಿಯಲ್ಲೂ ಅದೇ ದಿನಾಂಕ ಬರೆಸಿಬಿಡುತ್ತೇವೆ.